ಗಾರ್ಡನಿಂಗ್ ಕಲಿಯುವ ಮಕ್ಕಳನ್ನು ಹಳೇ ತೋಟ ನೋಡ್ಲಿಕ್ಕೆ ಕರ್ಕೊಂಡು ಹೋಗುದು ಹೇಗೆ? ಅನುಭವ ಇದ್ದವರು ಹೇಳಿ

ಪೈವಳಿಕೆ ನರ್ಸರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೈವಳಿಕೆ ಹತ್ರ ಒಂದು ಸಣ್ಣ ನರ್ಸರಿ ನಡೆಸ್ತೇನೆ, ಅದರ ಜೊತೆಗೇ ನಾಲ್ಕು ವರ್ಷದಿಂದ ಗಾರ್ಡನಿಂಗ್ ಕಲೀಲಿಕ್ಕೆ ಬರುವ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ಕೊಡ್ತೇವೆ. ಈ ಸಲ 14 ಜನ ಇದ್ದಾರೆ, ಎಲ್ಲ ಪ್ಲಸ್ ಟು ಮುಗಿಸಿದವ್ರು, ಹೆಚ್ಚಿನವರು ಬಾಯಾರು, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಕೆ ತೋಟದ ಮನೆಯವ್ರೇ. ಕಸಿ ಕಟ್ಟುದು, ಗೂಟಿ ಹಾಕುದು (ಕೊಂಬೆಯ ಸುತ್ತ ತೊಗಟೆ ತೆಗೆದು ಅಲ್ಲಿ ಬೇರು ಬರಿಸುದು), ಲಾನ್ ಹಾಕುದು, ಬೇಲಿ ಗಿಡ ಕತ್ತರಿಸುದು, ಇದೆಲ್ಲ ಅವರಿಗೆ ಬೇಗ ಬರ್ತದೆ, ಕೈಯಲ್ಲಿ ಮಣ್ಣಿನ ಕೆಲಸ ಉಂಟು.

ನನ್ನ ತಲೆಬಿಸಿ ಬೇರೆ. ನರ್ಸರಿಯಲ್ಲಿ ಗಿಡ ಅಂದ್ರೆ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿರುವ ಒಂದೂವರೆ ಅಡಿ. ಮಕ್ಕಳು ನೋಡುದೇ ಅಷ್ಟು. ಆ ಗಿಡ ಐವತ್ತು ವರ್ಷಕ್ಕೆ ಎಂತ ಆಗ್ತದೆ ಅಂತ ಅವರ ಕಣ್ಣಲ್ಲಿ ಇಲ್ಲ. ಎರಡು ವರ್ಷ ಹಿಂದೆ ನಮ್ಮಲ್ಲಿ ಕಲಿತು ಹೋದ ಒಬ್ಬ ಹುಡುಗ ಒಂದು ಮನೆಗೆ ರೈನ್ ಟ್ರೀ ನೆಟ್ಟಿದ್ದಾನೆ, ಕಂಪೌಂಡ್ ಗೋಡೆಯಿಂದ ನಾಲ್ಕೇ ಅಡಿ, ಮೇಲೆ ಕರೆಂಟಿನ ತಂತಿ, ಪಕ್ಕದಲ್ಲಿ ಬಾವಿ. ನಾನು ಹೋಗಿ ನೋಡಿದಾಗ ಗಿಡ ಆಗ್ಲೇ ನನ್ನ ತಲೆಗಿಂತ ಮೇಲೆ ಹೋಗಿತ್ತು. ತಪ್ಪು ಅವನದ್ದಲ್ಲ, ದೊಡ್ಡ ರೈನ್ ಟ್ರೀಯ ಕೆಳಗೆ ಅವನನ್ನು ನಾನು ಯಾವತ್ತೂ ನಿಲ್ಲಿಸಿ ತೋರಿಸಿರ್ಲಿಲ್ಲ.

ಅದಕ್ಕೇ ಕಳೆದ ವರ್ಷ ಬೆಂಗಳೂರು ಮೈಸೂರು ಅಂತ ಎರಡು ದಿನದ ಟೂರ್ ಮಾಡಿದೆವು, ಲಾಲ್‌ಬಾಗ್, ಕಬ್ಬನ್ ಪಾರ್ಕ್, ಅರಮನೆ, ಬೃಂದಾವನ ಎಲ್ಲ ಓಡಿ ಓಡಿ ನೋಡಿದ್ದು. ಬಂದು ಸೋಮವಾರ ಕ್ಲಾಸಲ್ಲಿ ಎಂತ ನೋಡಿದ್ರಿ ಅಂತ ಕೇಳಿದ್ರೆ ಗಾಜಿನ ಮನೆ, ಹೂವಿನ ಗಡಿಯಾರ, ಕಾರಂಜಿ. ಒಂದು ಮರದ ಹೆಸರು ಯಾರ ಬಾಯಲ್ಲೂ ಬರ್ಲಿಲ್ಲ. ಒಬ್ಬಳು ಹುಡುಗಿ ಮಾತ್ರ, ಸರ್ ಅಲ್ಲಿ ಬೇಲಿ ಕತ್ತರಿಸುವವರು ಎರಡು ಗೂಟ ಹೊಡೆದು ಹಗ್ಗ ಎಳೆದಿದ್ರು, ಹಗ್ಗ ಸ್ವಲ್ಪ ಒಳಗೆ ವಾಲಿಸಿ ಕಟ್ಟಿದ್ರು ಯಾಕೆ ಅಂತ ಕೇಳಿದಳು. ಮೇಲೆ ಸಪೂರ ಕೆಳಗೆ ಅಗಲ ಇದ್ರೆ ಬುಡಕ್ಕೂ ಬಿಸಿಲು ಬೀಳ್ತದೆ, ಬೇಲಿ ಕೆಳಗೆ ಬೋಳಾಗುದಿಲ್ಲ, ಅದಕ್ಕೆ. ಇಡೀ ಟೂರಲ್ಲಿ ಕಲಿಕೆ ಅಂತ ಆದದ್ದು ಆ ಒಂದು ಪ್ರಶ್ನೆ.

ಈ ವರ್ಷ ಮೂರು ರಾತ್ರಿಗೆ ದುಡ್ಡು ಹೊಂದಿಸಿದ್ದೇನೆ. ಲಾಲ್‌ಬಾಗಿಗೇ ಪುನಃ ಹೋಗುದಾ, ಊಟಿ ಕೂನೂರು ಕಡೆ ಹೋಗುದಾ? ಹೋಗುವ ಮುಂಚೆ ಮಕ್ಕಳಿಗೆ ಎಂತ ಹೇಳಿಕೊಡ್ಬೇಕು, ಅಲ್ಲಿ ಎಂತ ಮಾಡಿಸ್ಬೇಕು? ಒಂದು ವಿಷಯ, 14ರಲ್ಲಿ ಐದು ಜನ ಮಲಯಾಳಂ ಮೀಡಿಯಂ, ಕನ್ನಡ ಮಾತಾಡ್ತಾರೆ ಆದ್ರೆ ಓದುದು ನಿಧಾನ.

---

ಮುಳ್ಳೇರಿಯದವ ಬೆಂಗಳೂರಲ್ಲಿ ಬರೆದದ್ದು:

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರ್ಲಿಕ್ಕೆ ಆಗ್ಲಿಲ್ಲ. ನಾನು ಲಾಲ್‌ಬಾಗಲ್ಲೇ ಟ್ರೇನಿಂಗ್ ಆದವ, ಈಗ ಹದಿನೆಂಟು ವರ್ಷದಿಂದ ಇಲ್ಲಿ ಅಪಾರ್ಟ್‌ಮೆಂಟ್‌ಗಳ ಗಾರ್ಡನ್ ನೋಡ್ಕೊಳ್ತೇನೆ. ನನ್ನ ಮಾತು ಇಷ್ಟೇ, ಒಂದೇ ತೋಟಕ್ಕೆ ಹೋಗಿ, ಎರಡು ದಿನ ಅಲ್ಲೇ ಇರಿ. ರಾತ್ರಿ ಟ್ರೈನು ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು. ಲಾಲ್‌ಬಾಗ್ 240 ಎಕ್ರೆ ಉಂಟು, ಎರಡು ದಿನಕ್ಕೂ ಮುಗಿಯುದಿಲ್ಲ. ಮುಗಿಸ್ಲಿಕ್ಕೆ ಹೋಗ್ಲೂಬೇಡಿ.

ಮೊದಲನೇ ದಿನ ಬೆಳಿಗ್ಗೆ ಗಾಜಿನ ಮನೆ ಕಡೆ ತಿರುಗಿಯೂ ನೋಡದೆ ಮಕ್ಕಳನ್ನು ಬಂಡೆ ಮೇಲೆ ಹತ್ತಿಸಿ, ಕೆಂಪೇಗೌಡ ಗೋಪುರ ಇರುವ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಅಲ್ಲಿ ನಿಂತು ಕೇಳಿ, ಈ ಬಂಡೆ ಪಕ್ಕದಲ್ಲಿ ಮಣ್ಣು ಎಷ್ಟು ಆಳ ಇರ್ಬಹುದು, ನೀವಾಗಿದ್ರೆ ಇಲ್ಲಿ ಎಂತ ನೆಡ್ತಿದ್ರಿ ಅಂತ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯ ಮಕ್ಕಳಿಗೆ ಈ ಪ್ರಶ್ನೆ ಕೂಡ್ಲೇ ಅರ್ಥ ಆಗ್ತದೆ, ಬೇರೆಯವ್ರಿಗಿಂತ ಬೇಗ.

ಆಮೇಲೆ ತೋಟವನ್ನು ಕಾಲದ ಪ್ರಕಾರ ನಡೆಸಿ ತೋರಿಸಿ. ಹೈದರಾಲಿ 1760ರಲ್ಲಿ ಶುರು ಮಾಡುವಾಗ ಅದು ಚೌಕ ಚೌಕ ಮಡಿ ಇದ್ದ ತೋಟ, ಸಿರಾದಲ್ಲಿದ್ದ ಮೊಗಲ್ ಶೈಲಿಯ ತೋಟ ನೋಡಿ ಮಾಡಿಸಿದ್ದು. ಟಿಪ್ಪು ಹೊರ ದೇಶಗಳಿಂದ ಬೀಜ, ಸಸಿ ತರಿಸಿ ಸೇರಿಸಿದ. 1800ರಲ್ಲಿ ಬುಕಾನನ್ ಅಂತ, ಬ್ರಿಟಿಷ್ ಕಂಪೆನಿಗೋಸ್ಕರ ಊರೂರು ಸುತ್ತಿ ನೋಡಿದವ, ಬಂದು ನೋಡಿ ಬರೆದಿಟ್ಟಿದ್ದಾನೆ, ದಾರಿಯ ಎರಡೂ ಕಡೆ ಸೈಪ್ರಸ್ ಮರ, ಒಂದು ಚೌಕ ಪೂರ್ತಿ ಗುಲಾಬಿ, ಇನ್ನೊಂದು ಪೂರ್ತಿ ದಾಳಿಂಬೆ, ಹೀಗೆ. (ಅದೇ ಬುಕಾನನ್ 1801ರಲ್ಲಿ ನಮ್ಮ ಬೇಕಲ, ಕುಂಬಳೆ ದಾರಿಯಲ್ಲೇ ಹಾದುಹೋದವ, ಮಕ್ಕಳಿಗೆ ಹೇಳಿ, ಖುಷಿ ಆಗ್ತದೆ.) ಅದರ ನಂತರ ಬ್ರಿಟಿಷರ ಕಾಲ. ಕ್ಯಾಮರೂನ್ ಅಂತ 1874ರಿಂದ 1908ರ ತನಕ ಇಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು, ಅವರ ಕಾಲದಲ್ಲೇ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು. ನಾವು ಪಲ್ಯ ಮಾಡಿ ತಿನ್ನುವ ಸೀಮೆಬದನೆ ಬೆಂಗಳೂರಿಗೆ ಬಂದದ್ದೂ ಅವರಿಂದ, ತಮಿಳರು ಅದನ್ನು ಇವತ್ತಿಗೂ ಬೆಂಗಳೂರು ಕತ್ರಿಕಾಯಿ ಅಂತಲೇ ಕರೆಯುದು. ಅವರ ನಂತರ ಕ್ರುಂಬಿಗಲ್, ಜರ್ಮನಿಯವರು, 1893ರಲ್ಲಿ ಬರೋಡಾಕ್ಕೆ ಬಂದು 1908ರಲ್ಲಿ ಮೈಸೂರು ಮಹಾರಾಜರ ಕರೆಯ ಮೇಲೆ ಇಲ್ಲಿಗೆ ಬಂದ್ರು. ಬೆಂಗಳೂರಿನ ರಸ್ತೆಯಲ್ಲಿ ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳ್ಬೇಕು, ತಬೂಬಿಯಾ ಆದ ಮೇಲೆ ಜಕರಂಡ, ಜಕರಂಡ ಆದ ಮೇಲೆ ಗುಲ್‌ಮೊಹರ್, ಹಾಗೆ ಲೆಕ್ಕ ಹಾಕಿ ನೆಡಿಸಿದವರು. ಲಂಡನ್ನಿನ ಕ್ಯೂ ಗಾರ್ಡನಲ್ಲಿ ಮಾಲಿಯಾಗಿ ಮಣ್ಣಲ್ಲಿ ಕೆಲಸ ಮಾಡಿಯೇ ಮೇಲೆ ಬಂದವರು ಅವರು. ನಿಮ್ಮ ಮಕ್ಕಳಿಗೆ ಇದು ಗೊತ್ತಾಗ್ಲೇಬೇಕು ಸರ್, ಈ ತೋಟ ರಾಜರು ಮಾತ್ರ ಮಾಡಿದ್ದಲ್ಲ, ಅವರ ಹಾಗೇ ಗಿಡ ಕಲಿತು ಬಂದವರು ಮಾಡಿದ್ದು.

ಇನ್ನು ಮರ. ಒಬ್ಬೊಬ್ರಿಗೆ ಒಂದೊಂದು ಮರ ಕೊಡಿ, ಎರಡು ಗಂಟೆ ಅದರ ಹತ್ರವೇ ಕೂರ್ಲಿ. ನೆರಳಿನ ಅಂಚಿನಿಂದ ಅಂಚಿಗೆ ಹೆಜ್ಜೆ ಹಾಕಿ ಅಳೀಲಿ. ಎತ್ತರ ನೋಡ್ಲಿಕ್ಕೆ ನಮಗೆ ಕಲಿಸಿದ್ದು ಹೀಗೆ, ಕಣ್ಣಿನಿಂದ ಮುಷ್ಟಿ ತನಕ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲೆ ನೆಟ್ಟಗೆ ನಿಲ್ಲುವ ಹಾಗೆ ಹಿಡೀಬೇಕು, ಕೈ ಚಾಚಿ ಹಿಂದೆ ಹಿಂದೆ ಹೋಗ್ಬೇಕು, ಮರದ ಬುಡ ಮತ್ತು ತುದಿ ಕೋಲಿನ ಎರಡು ಕೊನೆಗೆ ಸರಿಯಾದಾಗ ನಿಲ್ಬೇಕು, ಅಲ್ಲಿಂದ ಮರಕ್ಕೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ರೈನ್ ಟ್ರೀ ಸಿಕ್ಕಿದವ ಒಂದು ಸಲ ನೆರಳು ಅಳೆದ್ರೆ ಸಾಕು, ಜನ್ಮದಲ್ಲಿ ಗೋಡೆ ಬುಡಕ್ಕೆ ಅದನ್ನು ನೆಡುದಿಲ್ಲ. ದೊಡ್ಡ ಬೂರುಗದ ಮರ ಸಿಕ್ಕಿದವ ಅದರ ಬೇರಿನ ಗೋಡೆಗಳನ್ನು ಚಿತ್ರ ಬಿಡಿಸ್ಲಿ. ಫೋಟೋ ಬೇಡ. ಫೋಟೋ ತೆಗೆದ್ರೆ ಕಣ್ಣು ಅಲ್ಲಿಗೇ ಕೆಲಸ ನಿಲ್ಲಿಸ್ತದೆ.

ಅರೌಕೇರಿಯಾ ಕೊಟ್ಟವನಿಗೆ ಒಂದು ಕಂಪಾಸ್ ಕೂಡ ಕೊಡಿ, ಮೊಬೈಲಿನದ್ದೇ ಸಾಕು. ನಾವು ಕ್ರಿಸ್ಮಸ್ ಟ್ರೀ ಅಂತ ಮಾರುವ ಜಾತಿಯಲ್ಲಿ ಕುಕ್ ಪೈನ್ ಅಂತ ಒಂದು ಉಂಟಲ್ಲ, ಅದು ಎಲ್ಲಿ ನೆಟ್ಟರೂ ಭೂಮಧ್ಯರೇಖೆ ಕಡೆಗೆ ವಾಲ್ತದೆ, ಅಂದ್ರೆ ನಮ್ಮಲ್ಲಿ ದಕ್ಷಿಣಕ್ಕೆ. ಪ್ರಪಂಚದ ಬೇರೆ ಬೇರೆ ಕಡೆ ಅಳೆದು ನೋಡಿದ್ದಾರೆ, ಸರಾಸರಿ ಎಂಟೂವರೆ ಡಿಗ್ರಿ. ಯಾವ ಮರ ಯಾವ ದಿಕ್ಕಿಗೆ ಎಷ್ಟು ವಾಲಿದೆ ಅಂತ ಅವನೇ ಬರೀಲಿ, ಕಾರಣ ಆಮೇಲೆ ಹೇಳಿ. ಮೊದಲೇ ಹೇಳಿದ್ರೆ ನೋಡುವ ಕೆಲಸವೇ ಉಳಿಯುದಿಲ್ಲ.

ಮತ್ತೆ ಗಾಯಗಳು. ಹಳೇ ಮರಗಳಲ್ಲಿ ಕೊಂಬೆ ಕಡಿದ ಜಾಗ ಹುಡುಕಿಸಿ. ಕೆಲವು ಕಡೆ ತೊಗಟೆ ಉಂಗುರದ ಹಾಗೆ ಸುತ್ತ ಬೆಳೆದು ಗಾಯ ಮುಚ್ಚಿರ್ತದೆ, ಕೆಲವು ಕಡೆ ಮೋಟು ಉಳಿದು ಕೊಳೆತು ಪೊಟರೆ ಆಗಿರ್ತದೆ. ನಾನು ಟ್ರೇನಿಂಗಲ್ಲಿದ್ದಾಗ ಒಬ್ಬ ಹಿರಿಯ ಮಾಲಿ ನನ್ನ ಕೈ ಹಿಡಿದು ಕೊಂಬೆಯ ಬುಡದ ಆ ಉಬ್ಬನ್ನು ಮುಟ್ಟಿಸಿದ್ರು, ಇದರ ಹೊರಗೆ ಕಡಿ, ಇದನ್ನು ಮುಟ್ಬೇಡ ಅಂತ. ಮೊದಲು ಕೆಳಗಿನಿಂದ ಒಂದು ಗರಗಸದ ಗೆರೆ, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕಡಿದು ಭಾರ ಇಳಿಸುದು, ಕೊನೆಗೆ ಉಬ್ಬಿನ ಹೊರಗೆ ನೀಟಾಗಿ. ಕೆಳಗಿನ ಗೆರೆ ಹಾಕದಿದ್ರೆ ಕೊಂಬೆ ಬೀಳುವಾಗ ತೊಗಟೆಯನ್ನು ಸಿಪ್ಪೆಯ ಹಾಗೆ ಸೀಳ್ಕೊಂಡು ಹೋಗ್ತದೆ. ಕ್ಲಾಸಲ್ಲಿ ಕೇಳಿದ್ರೂ ನೆನಪಿರ್ತಿತ್ತೋ ಏನೋ, ಆದ್ರೆ ಅರುವತ್ತು ವರ್ಷ ಹಿಂದೆ ಯಾರೋ ತಪ್ಪು ಕಡಿದದ್ದು ಇವತ್ತಿಗೂ ಪೊಟರೆಯಾಗಿ ಕಣ್ಣೆದುರು ಇದ್ರೆ ಅದು ಬೇರೆಯೇ.

ದಿನ ಯಾವಾಗ ಅಂತ ಕೇಳಿದ್ರೆ, ಜನವರಿ ಮತ್ತು ಆಗಸ್ಟಿನ ಫ್ಲವರ್ ಶೋ ದಿನಗಳಲ್ಲಿ ಖಂಡಿತ ಬೇಡ, ಜನ ಜಾತ್ರೆ. ಅದರ ಒಂದು ವಾರ ಮುಂಚೆ ಬನ್ನಿ. ಕುಂಡಗಳು ಬಂದು ಇಳಿಯುದು, ಹೂ ಯಾವ ಹಂತದಲ್ಲಿ ತಂದ್ರೆ ಶೋ ದಿನಕ್ಕೆ ಸರಿಯಾಗಿ ಅರಳ್ತದೆ ಅಂತ ಲೆಕ್ಕ ಹಾಕುದು, ಇದು ನೋಡ್ಬೇಕಾದ್ದು. ಮುಂಚೆಯೇ ಪತ್ರ ಬರೆದು ಪರ್ಮಿಷನ್ ತಗೊಳ್ಳಿ, ಕೆಲಸ ಮಾಡುವವರ ಹತ್ರ ಮಾತಾಡ್ಲಿಕ್ಕೆ ಸಮಯ ಬೇಕು ಅಂತ ಪತ್ರದಲ್ಲೇ ಹಾಕಿ.

---

ಬಾಯಾರು ಗುಡ್ಡೆ ಬರೆದದ್ದು:

ಮೇಲಿನವರು ಬರೆದದ್ದೆಲ್ಲ ಸರಿ ಉಂಟು. ಆದ್ರೆ ನನಗೆ ಒಂದು ಬೇಸರ. ಹಳೇ ತೋಟ ಅಂದ ಕೂಡ್ಲೇ ನಾವು ಬೆಂಗಳೂರಿಗೆ ಟ್ರೈನು ಹತ್ತುದು ಯಾಕೆ? ಕೂಡ್ಲಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಜಾಗ 1916ರಲ್ಲಿ ಮದ್ರಾಸ್ ಸರ್ಕಾರ ತೆಂಗಿನ ಸಂಶೋಧನೆಗೆ ಅಂತ ಶುರು ಮಾಡಿದ್ದು, ನೂರು ವರ್ಷ ದಾಟಿತು. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸೇರಿಸಿ ಹೈಬ್ರಿಡ್ ಮಾಡುವ ಕೆಲಸ 1930ರ ದಶಕದಲ್ಲಿ ನಡೆದದ್ದು ನಮ್ಮ ನೀಲೇಶ್ವರದಲ್ಲಿ. ದೇಶ ವಿದೇಶದ ತೆಂಗಿನ ತಳಿಗಳನ್ನು ಸಾಲಾಗಿ ನೆಟ್ಟು ಕಾಪಾಡ್ತಾ ಇರುವುದು ನೆಟ್ಟಣ ಹತ್ರದ ಕಿದುವಿನಲ್ಲಿ, ಬೆಳಿಗ್ಗೆ ಹೊರಟ್ರೆ ಸಂಜೆಗೆ ಮನೆ.

ಮತ್ತೆ ನಮ್ಮ ಸ್ವಂತ ಅಡಕೆ ತೋಟ. ನನ್ನ ಅಜ್ಜ ಮಾಡಿದ ತೋಟದಲ್ಲಿ ಸಾಲುಗಳು ಸರಿಯಾಗಿ ಉತ್ತರ ದಕ್ಷಿಣ ಇಲ್ಲ, ಸ್ವಲ್ಪ ಪಶ್ಚಿಮಕ್ಕೆ ತಿರುಗಿದೆ. ಸಣ್ಣವನಿದ್ದಾಗ ಅಳತೆ ತಪ್ಪಿದ್ದು ಅಂತ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾದದ್ದು, ನೈಋತ್ಯದ ಬಿಸಿಲು ಕಾಂಡಕ್ಕೆ ಬಡಿದ್ರೆ ಕಂಗು (ಅಡಕೆ ಮರ) ಒಣಗಿ ಸೀಳ್ತದೆ, ಸಾಲು ಓರೆ ಇದ್ರೆ ಒಂದರ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳ್ತದೆ. ಈಗ ವಿಜ್ಞಾನಿಗಳು 35 ಡಿಗ್ರಿ ಅಂತ ಹೇಳುದು ಇದನ್ನೇ. ಅಜ್ಜನ ಹತ್ರ ಡಿಗ್ರಿ ಇರ್ಲಿಲ್ಲ, ಬಿಸಿಲು ನೋಡಿ ಗೂಟ ಹೊಡೆದದ್ದು.

ತೋಟದ ಮೇಲೆ ಸುರಂಗ, ಮುರಕಲ್ಲಿನಲ್ಲಿ ಒಬ್ಬಾಳು ಒಳಗೆ ಹೋಗುವಷ್ಟು ಅಡ್ಡಕ್ಕೆ ಕೊರೆದದ್ದು, ನೀರು ಪಂಪಿಲ್ಲದೆ ತಾನೇ ಹರಿದು ಮದಕಕ್ಕೆ (ನೀರು ನಿಲ್ಲಿಸುವ ಕೆರೆಗೆ) ಬರ್ತದೆ, ಮದಕದಿಂದ ತೋಟಕ್ಕೆ. ಮಳೆಗಾಲದಲ್ಲಿ ಹೆಚ್ಚಾದ ನೀರು ಕಣಿಯಲ್ಲಿ ಹೊರಗೆ. ಬೇಸಿಗೆಯಲ್ಲಿ ನೀರು ತರುದು, ಮಳೆಗೆ ನೀರು ಕಳಿಸುದು, ಎರಡೂ ಒಂದೇ ತೋಟದಲ್ಲಿ. ಲ್ಯಾಂಡ್‌ಸ್ಕೇಪ್ ಕಲಿಯುವವರಿಗೆ ಇದಕ್ಕಿಂತ ಒಳ್ಳೇ ಪಾಠ ಎಲ್ಲುಂಟು ಹೇಳಿ. ಮತ್ತೆ ನಾಗಬನ, ರೆಂಜೆ, ಹೊನ್ನೆ ಎಲ್ಲ ಕತ್ತಿ ತಾಗದೆ ಬೆಳೆದ ಜಾಗ. ಚಪ್ಪಲಿ ಕಳಚಿ, ಮನೆಯವರ ಅಪ್ಪಣೆ ಕೇಳಿ, ಹೊರಗಿನಿಂದಲೇ ತೋರಿಸಿ. ಯಾರೂ ಕಡಿಯದ ಮರದ ಆಕಾರ ಹೇಗಿರ್ತದೆ ಅಂತ ಗೊತ್ತಿಲ್ಲದವ ಕಡೀಲಿಕ್ಕೆ ಕಲಿಯುದಾದ್ರೂ ಹೇಗೆ?

ಬೆಂಗಳೂರಿಗೆ ಹೋಗ್ಬೇಡಿ ಅಂತ ಅಲ್ಲ. ಮೊದಲು ಇದು ಆಗ್ಲಿ, ಆಮೇಲೆ ಅದು.

---

ಕೂನೂರು ಇಳಿಜಾರು ಬರೆದದ್ದು:

ನನ್ನ ತವರು ಮಂಜೇಶ್ವರ, ಮದುವೆ ಆಗಿ ಕೂನೂರಿಗೆ ಬಂದು ಹನ್ನೊಂದು ವರ್ಷ ಆಯ್ತು, ಇಲ್ಲಿ ಗಿಡದ ಕೆಲಸವೇ ಮಾಡುದು. ನೀಲಗಿರಿ ಬಗ್ಗೆ ಯಾರೂ ಬರೀಲಿಲ್ಲ ಅಂತ ಬರೀತಾ ಇದ್ದೇನೆ.

ಸರ್, ನಿಮ್ಮ ಮಕ್ಕಳು ಮುಂದೆ ಕೆಲಸ ಮಾಡುದು ಎಲ್ಲಿ? ಕಾಸರಗೋಡಿನ ಗುಡ್ಡೆ ಕಡಿದು ಕಟ್ಟಿದ ಮನೆಗಳಲ್ಲಿ ಅಲ್ವಾ, ಅಂಗಳ ಒಂದು ಮಟ್ಟ, ಹಿಂದೆ ಧರೆ ಇನ್ನೊಂದು ಮಟ್ಟ. ಹಾಗಾದ್ರೆ ಅವರು ಸಿಮ್ಸ್ ಪಾರ್ಕ್ ನೋಡ್ಲೇಬೇಕು. 1874ರಲ್ಲಿ ಒಂದು ಕಣಿವೆಯನ್ನೇ ಹಿಡಿದು ಮಾಡಿದ ತೋಟ ಇದು, ಸಪಾಟು ಮಾಡ್ಲಿಕ್ಕೆ ಹೋಗ್ಲಿಲ್ಲ, ಇಳಿಜಾರು ಹೇಗಿತ್ತೋ ಹಾಗೇ ಇಟ್ಟು ದಾರಿಯನ್ನು ಸುತ್ತಿಸಿ ಸುತ್ತಿಸಿ ಇಳಿಸಿದ್ದಾರೆ. 12 ಹೆಕ್ಟೇರ್ ಅಷ್ಟೇ, ಅರ್ಧ ದಿನಕ್ಕೆ ಸರಿಯಾಗ್ತದೆ. ಮಳೆ ಬರುವಾಗ ಒಂದು ಕೊಡೆ ಹಿಡ್ಕೊಂಡು ಮೇಲಿನಿಂದ ಕೆಳಗಿನ ಕೆರೆ ತನಕ ನೀರಿನ ಹಿಂದೆ ನಡೀರಿ, ಎಲ್ಲಿ ತಿರುಗ್ತದೆ, ಎಲ್ಲಿ ಇಂಗ್ತದೆ, ಮಣ್ಣು ಕೊಚ್ಚದ ಹಾಗೆ ಎಲ್ಲಿ ಎಂತ ನೆಟ್ಟಿದ್ದಾರೆ ಅಂತ. ನಾನು ಇಲ್ಲಿಗೆ ಬಂದ ಮೊದಲ ಮಳೆಗಾಲ ಹಾಗೆ ನಡೆದದ್ದು, ಚಪ್ಪಲಿ ಒದ್ದೆಯಾಗಿ ಜ್ವರ ಬಂತು ಆದ್ರೂ ಆವತ್ತು ಕಲಿತದ್ದು ಈಗ್ಲೂ ಕೈಯಲ್ಲಿ ಉಂಟು.

ಊಟಿಯ ಬೊಟಾನಿಕಲ್ ಗಾರ್ಡನ್ ಇದಕ್ಕಿಂತ ಹಳೇದು, ಅದನ್ನು ರೂಪಿಸಿದ್ದು ಮ್ಯಾಕ್‌ಐವರ್ ಅಂತ, ಅವರೂ ಕ್ಯೂ ಗಾರ್ಡನ್ನಿಂದ ಬಂದವರೇ, 1848ರಲ್ಲಿ. ದೊಡ್ಡಬೆಟ್ಟದ ಇಳಿಜಾರಿನಲ್ಲಿ 22 ಹೆಕ್ಟೇರ್. ಅವರದ್ದೊಂದು ಕೆಲಸ ನನಗೆ ಭಾರೀ ಇಷ್ಟ. ಮಲೇರಿಯಾಕ್ಕೆ ಔಷಧಿ ತೆಗೆಯುವ ಸಿಂಕೋನಾ ಮರದ ತೊಗಟೆಗೋಸ್ಕರ ಮರವನ್ನೇ ಕಡೀತಿದ್ರಲ್ಲ, ಇವರು ತೊಗಟೆಯನ್ನು ಉದ್ದುದ್ದ ಪಟ್ಟಿ ತೆಗೆದು ನಡುನಡುವೆ ಪಟ್ಟಿ ಬಿಟ್ಟು, ತೆಗೆದ ಜಾಗಕ್ಕೆ ಒದ್ದೆ ಪಾಚಿ ಕಟ್ಟಿದ್ರು. ಮರ ಬದುಕಿತು, ತೊಗಟೆ ಪುನಃ ಬಂತು. ಗೂಟಿ ಹಾಕಿದ ಮಕ್ಕಳಿಗೆ ಇದು ಹೇಳಿದ್ರೆ ಅರ್ಧ ಅವರೇ ಹೇಳ್ತಾರೆ, ಸುತ್ತ ತೊಗಟೆ ತೆಗೆದ್ರೆ ಮೇಲಿನ ಆಹಾರ ಕೆಳಗೆ ಇಳಿಯುದಿಲ್ಲ, ಪಟ್ಟಿ ಬಿಟ್ರೆ ಇಳೀತದೆ ಅಂತ.

ಬರುವ ದಾರಿಯಲ್ಲಿ ನಿಲಂಬೂರು ಸಿಗ್ತದೆ. ಕೋಳಿಕ್ಕೋಡ್ ತನಕ ಟ್ರೈನು, ಅಲ್ಲಿಂದ ನಿಲಂಬೂರು, ನಾಡುಗಾಣಿ, ಗೂಡಲೂರು. ನಿಲಂಬೂರಿನಲ್ಲಿ 1840ರ ದಶಕದಲ್ಲಿ ಕನೋಲಿ ಅಂತ ಮಲಬಾರಿನ ಕಲೆಕ್ಟರ್ ನೆಡಿಸಿದ ತೇಗದ ತೋಟ ಉಂಟು. ಮೊದಲು ಬೀಜವೇ ಸರಿ ಮೊಳೀಲಿಲ್ಲ, ಚಾತು ಮೆನನ್ ಅವರ ಉಸ್ತುವಾರಿಯಲ್ಲಿ ಆಮೇಲೆ ಕೆಲಸ ಹಿಡೀತು. ನಿಮ್ಮ ನರ್ಸರಿಯಲ್ಲಿ ತೇಗದ ಬೀಜ ಹಾಕಿ ಮೊಳೆಯದೆ ಕೂತ ಮಕ್ಕಳಿದ್ರೆ ಅವರನ್ನು ಅಲ್ಲಿ ನಿಲ್ಲಿಸಿ ಇದನ್ನು ಹೇಳಿ. ಮಲಯಾಳಂ ಮೀಡಿಯಂ ಮಕ್ಕಳಿಗೆ ಅಲ್ಲಿ ಬೋರ್ಡ್ ಓದ್ಲಿಕ್ಕೂ ಸುಲಭ, ಅವರೇ ಉಳಿದವ್ರಿಗೆ ಓದಿ ಹೇಳ್ಲಿ.

ಗಾಡಿ ಮಾಡ್ಕೊಂಡು ಬರುದಾದ್ರೆ ನೀಲಗಿರಿಗೆ ಇ-ಪಾಸ್ ಬೇಕು, ಸರ್ಕಾರಿ ಬಸ್ಸಲ್ಲಿ ಬಂದ್ರೆ ಆ ಕಿರಿಕಿರಿ ಇಲ್ಲ. ಪ್ಲಾಸ್ಟಿಕ್ ನೀರಿನ ಬಾಟ್ಲಿ ತರ್ಬೇಡಿ. ಸ್ವೆಟರ್ ತರಿಸಿ, ನಮ್ಮ ಊರಿನ ಮಕ್ಕಳಿಗೆ ಈ ಚಳಿ ಅಂದಾಜಿರುದಿಲ್ಲ. ಮೇ ತಿಂಗಳು ಬೇಡ, ರಸ್ತೆ ಪೂರ್ತಿ ಬ್ಲಾಕ್.

---

ಸೀತಾಂಗೋಳಿ ಬರೆದದ್ದು:

ನಾನು ಬೇರೆ ಕಡೆ ಇಂಥದ್ದೇ ಕೋರ್ಸ್ ಮಾಡಿದವಳು, ಮಕ್ಕಳ ಕಡೆಯಿಂದ ಒಂದು ಮಾತು. ನಮ್ಮನ್ನೂ ಟೂರ್ ಕರ್ಕೊಂಡು ಹೋಗಿದ್ರು. ಬಂದ ಮೇಲೆ ಹತ್ತು ಪುಟ ರಿಪೋರ್ಟ್ ಬರೀರಿ ಅಂದ್ರು, ಎಲ್ಲರೂ ನೆಟ್ಟಿಂದ ಕಾಪಿ ಮಾಡಿ ಕೊಟ್ಟೆವು, ಅವರೂ ಓದ್ಲಿಲ್ಲ. ರಿಪೋರ್ಟ್ ಬದಲು ನೋಡಿದ್ರಲ್ಲಿ ಒಂದನ್ನು ನರ್ಸರಿಯಲ್ಲಿ ಮಾಡಿ ತೋರಿಸ್ಲಿಕ್ಕೆ ಹೇಳಿ. ಹಗ್ಗ ಕಟ್ಟಿ ಬೇಲಿ ಕತ್ತರಿಸುದೋ, ಒಂದು ಕೊಂಬೆ ಸರಿಯಾಗಿ ಕಡಿಯುದೋ. ಮತ್ತೆ ಹುಡುಗೀರಿಗೆ ಟಾಯ್ಲೆಟ್ ಎಲ್ಲೆಲ್ಲಿ ಉಂಟು ಅಂತ ಮುಂಚೆಯೇ ನೋಡಿ ಇಡಿ ಸರ್, ನಾವು ಆ ದಿನ ಇಡೀ ನೀರೇ ಕುಡೀಲಿಲ್ಲ, ಮಧ್ಯಾಹ್ನದ ಮೇಲೆ ತಲೆನೋವಿಗೆ ಯಾವ ಮರವೂ ತಲೆಗೆ ಹತ್ತಲಿಲ್ಲ.

---

ಪೈವಳಿಕೆ ನರ್ಸರಿ ಬರೆದದ್ದು:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂತ ಅಂದಾಜಿರ್ಲಿಲ್ಲ. ನಿನ್ನೆ ಮಕ್ಕಳಿಗೂ ಓದಿ ಹೇಳಿದೆ. ಅಡಕೆ ಸಾಲಿನ ವಿಷಯ ಓದಿದ ಕೂಡ್ಲೇ ಮೂರು ಜನ ಮನೆಗೆ ಹೋಗಿ ಮೊಬೈಲ್ ಕಂಪಾಸ್ ಹಿಡಿದು ಅವರವರ ತೋಟ ನೋಡಿದ್ದಾರೆ, ಇಬ್ಬರ ಮನೆಯಲ್ಲಿ ಪಶ್ಚಿಮಕ್ಕೆ ತಿರುಗಿದೆಯಂತೆ, ಒಬ್ಬನ ಮನೆಯಲ್ಲಿ ಸೀದಾ ಉತ್ತರಕ್ಕೆ, ಅವನ ತೋಟದಲ್ಲಿ ಅಂಚಿನ ಸಾಲಿನ ಕಂಗುಗಳ ಕಾಂಡ ಒಂದೇ ಬದಿಯಲ್ಲಿ ಸೀಳಿದೆ ಅಂತ ಫೋಟೋ ತಂದ. ಅಪ್ಪನಿಗೂ ಕಾರಣ ಗೊತ್ತಿರ್ಲಿಲ್ಲವಂತೆ.

ಹಾಗಾಗಿ ಈ ತಿಂಗಳು ಬಾಯಾರಿನ ಸುರಂಗ, ಮದಕ, ಕೂಡ್ಲು. ಜನವರಿ ಶೋಗೆ ವಾರ ಮುಂಚೆ ಲಾಲ್‌ಬಾಗ್, ಎರಡು ದಿನ ಪೂರ್ತಿ ಅಲ್ಲೇ. ಕೂನೂರು ಈ ಬ್ಯಾಚಿಗೆ ಆಗ್ಲಿಕ್ಕಿಲ್ಲ, ದುಡ್ಡು ಸಾಲುದಿಲ್ಲ ಅಕ್ಕ, ಮುಂದಿನ ಬ್ಯಾಚಿಗೆ ಮಳೆ ಇರುವಾಗಲೇ ಬರ್ತೇವೆ.

ಮುಳ್ಳೇರಿಯದವ್ರೇ, ಒಂದು ಕೇಳ್ಬೇಕಿತ್ತು. ಮಾಲಿಗಳ ಹತ್ರ ಮಾತಾಡಿಸಿ ಅಂದ್ರಿ, ನಮ್ಮ ಮಕ್ಕಳು ಹೊಸಬರ ಹತ್ರ ಬಾಯಿ ಬಿಡುದಿಲ್ಲ, ನಾಚಿಕೆ. ಹೇಗೆ ಶುರು ಮಾಡಿಸುದು?

---

ಮುಳ್ಳೇರಿಯದವ ಬೆಂಗಳೂರಲ್ಲಿ ಬರೆದದ್ದು:

ಸರ್, ಪ್ರಶ್ನೆ ಕೇಳಿಸ್ಬೇಡಿ, ಕೆಲಸ ಕೇಳಿಸಿ. ಅಣ್ಣ ನಾನೂ ಒಂದು ಸಾಲು ಕಳೆ ತೆಗೀಲಾ ಅಂತ. ಮೇಲಿನವರ ಅನುಮತಿ ಪತ್ರದಲ್ಲಿ ಅದನ್ನೂ ಸೇರಿಸಿ. ಹತ್ತು ನಿಮಿಷ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತರೆ ಅವರೇ ಮಾತು ಶುರು ಮಾಡ್ತಾರೆ, ಯಾವ ಊರು, ಯಾರ ಮಗ ಅಂತ. ಅವರ ಕೈಯಲ್ಲಿರುವ ಕತ್ತರಿ, ಕುರ್ಪಿ ಹೇಗೆ ಹರಿತ ಮಾಡ್ತಾರೆ ಅಂತ ಮಾತ್ರ ಕೇಳ್ಲಿ, ಅದು ಕೇಳಿದ್ರೆ ಯಾವ ಮಾಲಿಯೂ ಸುಮ್ನೆ ಇರುದಿಲ್ಲ. ಅಡಕೆ ಸುಲಿಯುವ ಕೈ ಇದ್ದವರಿಗೆ ಹೇಗೂ ಹರಿತದ ವಿಷಯ ಗೊತ್ತುಂಟು, ಮಾತು ತಾನಾಗಿ ಮುಂದೆ ಹೋಗ್ತದೆ. ಡೇಟ್ ಫಿಕ್ಸ್ ಆದ ಮೇಲೆ ಇಲ್ಲೇ ಹಾಕಿ, ಆ ಎರಡು ದಿನ ರಜೆ ಮಾಡಿ ನಾನೂ ಬರ್ತೇನೆ, ಬೆಳಿಗ್ಗೆ ಆರಕ್ಕೆ ಬಂಡೆ ಹತ್ರ.